ಎಡಗಡೆಯ ಹೊಸ್ತಿಲು

ಹಳೇ ಗಾಡಿ ನೋಡಲು ಹೋಗುವವರು ಜೇಬಿನಲ್ಲಿ ಒಂದು ಟಾರ್ಚು, ಒಂದು ಅಯಸ್ಕಾಂತ ಇಟ್ಟುಕೊಂಡಿರಬೇಕು. ತಗಡಿದ್ದಲ್ಲಿ ಅಯಸ್ಕಾಂತ ಕಚ್ಚಿಕೊಳ್ಳುತ್ತದೆ. ಪುಟ್ಟಿ ತುಂಬಿ ಬಣ್ಣ ಬಳಿದಲ್ಲಿ ಜಾರಿ ಬೀಳುತ್ತದೆ. 2021ರ ಅಕ್ಟೋಬರಿನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಒಂದು ಗಂಟೆ ದೂರದ ಹಳ್ಳಿಯೊಂದಕ್ಕೆ ವ್ಯಾನ್ ನೋಡಲು ಹೋದಾಗ ನಾನು ಎರಡನ್ನೂ ಒಯ್ದಿದ್ದೆ. ಟಾರ್ಚು ಹಾಕಿ ನೋಡಿದ್ದೂ ಹೌದು. ಅಯಸ್ಕಾಂತ ಮಾತ್ರ ಜೇಬಿನಿಂದ ಆಚೆ ಬರಲಿಲ್ಲ. ಮಾರುವವರು ಕಾಫಿ ಕೊಟ್ಟಿದ್ದರು, ಜೊತೆಗೆ ಮನೆಯಲ್ಲೇ ಮಾಡಿದ ಪ್ಲಮ್ ಹಣ್ಣಿನ ಕೇಕು. ಎತ್ತು ಕೊಳ್ಳುವವನು ಬಾಯಿ ತೆರೆಸಿ ಹಲ್ಲು ಎಣಿಸಿದರೆ ಯಾವ ರೈತನೂ ತಪ್ಪು ತಿಳಿಯುವುದಿಲ್ಲ. ನನಗೇ ಸಂಕೋಚ. ಕೇಕು ತಿಂದ ಕೈಯಲ್ಲಿ ಅವರ ಗಾಡಿಯ ಮೈ ತಡವಿ ಸುಳ್ಳು ಹುಡುಕುವುದು ಹೇಗೆ?

ಆ ಸಂಕೋಚಕ್ಕೆ ಎರಡೂವರೆ ವರ್ಷ ತೆತ್ತೆ.

ಗಾಡಿ ಫೋಕ್ಸ್‌ವ್ಯಾಗನ್ ಟಿ3, 1984ರದ್ದು. ಒಳಗಿನ ಮನೆ ಕಟ್ಟಿದ್ದು ವೆಸ್ಟ್‌ಫಾಲಿಯಾ ಕಂಪನಿ, ಮಾದರಿಯ ಹೆಸರು ಜೋಕರ್. ಹಿಂದಿನ ಸೀಟು ಮಡಚಿದರೆ ಇಬ್ಬರು ಮಲಗುವ ಹಾಸಿಗೆ. ಮಾಡನ್ನು ಕೊಡೆಯಂತೆ ಎತ್ತಿ ನಿಲ್ಲಿಸಿದರೆ ಮೇಲೆ ಇನ್ನಿಬ್ಬರಿಗೆ ಅಟ್ಟ. ಎರಡು ಉರಿಯ ಗ್ಯಾಸ್ ಒಲೆ, ಪಾತ್ರೆ ತೊಳೆಯಲು ಅಂಗೈಯಗಲದ ಸಿಂಕು, ಗ್ಯಾಸಿನಲ್ಲೂ 12 ವೋಲ್ಟಿನಲ್ಲೂ 230 ವೋಲ್ಟಿನಲ್ಲೂ ನಡೆಯುವ ಪುಟಾಣಿ ಫ್ರಿಜ್ಜು. ಯಾರು ಯೋಚಿಸಿ ಮಾಡಿದರೋ, ಒಂದು ಇಂಚು ಜಾಗ ದಂಡವಾಗಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ಇಡಲು ಜಾಗ ಸಾಲದು ಅಂತ ಗೊಣಗುವ ನನ್ನ ಹೆಂಡತಿ ಇದರ ಒಳಗೆ ಕೂತು, ಒಂದೊಂದೇ ಕಪಾಟು ತೆರೆದು ನೋಡಿ, "ತಗೊಳ್ಳೋಣ" ಅಂದಳು. ಅವಳು ನೋಡಿದ್ದು ಕಪಾಟು, ನಾನು ನೋಡಿದ್ದು ಎಂಜಿನ್ನು. ತುಕ್ಕನ್ನು ಇಬ್ಬರೂ ನೋಡಲಿಲ್ಲ.

7,500 ಯೂರೋ ಕೊಟ್ಟೆವು. ಗಾಡಿ ರಸ್ತೆಗೆ ಯೋಗ್ಯವೇ ಎಂದು ಇಲ್ಲಿ ಕಡ್ಡಾಯವಾಗಿ ಮಾಡಿಸಬೇಕಾದ ಟ್ಯೂಫ್ ತಪಾಸಣೆಯ ಅವಧಿ ಮುಗಿದು ಎರಡು ವರ್ಷ ಕಳೆದಿತ್ತು, ಹಾಗಾಗಿ ಓಡಿಸಿಕೊಂಡು ಬರುವ ಹಾಗಿರಲಿಲ್ಲ. ಬಾಡಿಗೆ ಟ್ರೈಲರಿನ ಮೇಲೆ ಹತ್ತಿಸಿಕೊಂಡು ತಂದೆ. ಮಾರಿದವರು ನಿವೃತ್ತ ಬಡಗಿ. ಮೊಣಕಾಲು ನೋವು, ಕೆಳಗೆ ಬಗ್ಗಿ ಕೆಲಸ ಮಾಡಲು ಆಗುತ್ತಿಲ್ಲ ಎಂದರು. ಕೀಲಿಕೈಯ ಜೊತೆ ಒಂದು ದಪ್ಪ ನೋಟುಪುಸ್ತಕವನ್ನೂ ಕೊಟ್ಟರು. 1991ರಲ್ಲಿ ಅವರು ಈ ಗಾಡಿ ಕೊಂಡ ದಿನದಿಂದ ಹಾಕಿಸಿದ ಪ್ರತಿ ಲೀಟರ್ ಪೆಟ್ರೋಲು, ಆಗಿನ ಕಿಲೋಮೀಟರು, ಬದಲಾಯಿಸಿದ ಪ್ರತಿ ಬಲ್ಬು ಅದರಲ್ಲಿತ್ತು. ಸಣ್ಣ, ನೆಟ್ಟಗಿನ ಅಕ್ಷರ. ನಮ್ಮಪ್ಪ ಬರೆಯುತ್ತಿದ್ದ ಹಾಲಿನ ಲೆಕ್ಕದ ಪುಸ್ತಕ ನೆನಪಾಯಿತು.

ಜರ್ಮನರು ಈ ವ್ಯಾನನ್ನು ಮುದ್ದಿನಿಂದ 'ಬುಲ್ಲಿ' ಅನ್ನುತ್ತಾರೆ. ಸಾಗರದಲ್ಲಿರುವ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವನಿಗೆ ಏನು ಕೇಳಿಸಿತೋ, ಅಂದಿನಿಂದ ಅದು ಗೂಳಿಯಾಯಿತು. "ಏನೋ, ಗೂಳಿ ಎದ್ದು ನಿಂತ್ಕೊಂಡ್ತಾ?" ಎನ್ನುವುದು ಅವನ ಶನಿವಾರದ ಪ್ರಶ್ನೆ.

ಚಿಕ್ಕಪ್ಪನ ವಿಷಯ ಹೇಳದೆ ಮುಂದೆ ಹೋಗಲಾಗದು. ನಾನು ಚಿಕ್ಕವನಿದ್ದಾಗ ಅವನ ಹತ್ತಿರ ಒಂದು ಮೆಟಡೋರ್ ಇತ್ತು. ಎಂಬತ್ತರ ದಶಕದ ಮಲೆನಾಡಿನಲ್ಲಿ ಮೆಟಡೋರ್ ಇಲ್ಲದೆ ಮದುವೆ ಆಗುತ್ತಿರಲಿಲ್ಲ, ಹೆಣವೂ ಸುಡುಗಾಡಿಗೆ ಹೋಗುತ್ತಿರಲಿಲ್ಲ. ಅಡಿಕೆ ಮೂಟೆ, ದಿಬ್ಬಣ, ಯಕ್ಷಗಾನ ನೋಡಲು ಹೊರಟ ಇಡೀ ಕೇರಿ, ಎಲ್ಲವೂ ಅದರೊಳಗೆ. ಅದರ ಎಂಜಿನ್ನು ಡ್ರೈವರಿನ ಪಕ್ಕದಲ್ಲೇ, ಕ್ಯಾಬಿನ್ನಿನ ಒಳಗೇ. ಮೇಲೊಂದು ಮುಚ್ಚಳ, ಅದರ ಮೇಲೆ ಗೋಣಿಚೀಲ, ಗೋಣಿಚೀಲದ ಮೇಲೆ ನಾನು. ಆಷಾಢದ ಚಳಿಯಲ್ಲಿ ಅದಕ್ಕಿಂತ ಸುಖದ ಜಾಗ ಇರಲಿಲ್ಲ, ಬೇಸಿಗೆಯಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಹಳೇ ಗಾಡಿಯ ಹುಚ್ಚು ನನಗೆ ಎಲ್ಲಿಂದ ಬಂತು ಅಂತ ಹೆಂಡತಿ ಕೇಳಿದಾಗ ಆ ಗೋಣಿಚೀಲದ ಬಿಸಿಯನ್ನು ವಿವರಿಸಲು ನೋಡಿದೆ. ಅವಳು ಮೈಸೂರಿನವಳು, ಅಷ್ಟಾಗಿ ತಿಳಿಯಲಿಲ್ಲ.

ಗಾಡಿ ಕೊಂಡ ಹೊಸತರಲ್ಲಿ ರಾತ್ರಿಯೆಲ್ಲ ಕೂತು ಓದುತ್ತಿದ್ದೆ. ಹಾಗೆ ಓದುವಾಗ ಸಿಕ್ಕಿದ ಒಂದು ಸಂಗತಿ ಚಿಕ್ಕಪ್ಪನಿಗೆ ಹೇಳುವವರೆಗೂ ನಿದ್ದೆ ಬರಲಿಲ್ಲ. ನಮ್ಮ ಮೆಟಡೋರ್ ಮೂಲತಃ ಜರ್ಮನಿಯದ್ದು. ಹ್ಯಾಂಬರ್ಗಿನ ಟೆಂಪೋ ಕಾರ್ಖಾನೆಯ ಜೊತೆ ಸೇರಿ 1958ರಲ್ಲಿ ಬಜಾಜ್ ಟೆಂಪೋ ಶುರುವಾಯಿತು, ಮೊದಲು ಮೂರು ಚಕ್ರದ ಗಾಡಿ, ಆಮೇಲೆ ಮೆಟಡೋರ್. ಮೂರು ಗಾಲಿಯದಾಗಲಿ ನಾಲ್ಕರದಾಗಲಿ, ಸಾಮಾನು ಸಾಗಿಸುವುದನ್ನೆಲ್ಲ ನಾವು ಇವತ್ತಿಗೂ 'ಟೆಂಪೋ' ಅನ್ನುತ್ತೇವಲ್ಲ, ಅದು ಹ್ಯಾಂಬರ್ಗಿನ ಆ ಕಾರ್ಖಾನೆಯ ಹೆಸರು. ಇದಕ್ಕಿಂತ ಮಜಾ ಇನ್ನೊಂದಿದೆ. 1949ರಲ್ಲಿ ಟೆಂಪೋದವರು ಹೊರತಂದ ಮೊಟ್ಟಮೊದಲ ಮೆಟಡೋರಿಗೆ ಎಂಜಿನ್ ಕೊಟ್ಟವರು ಫೋಕ್ಸ್‌ವ್ಯಾಗನ್ನಿನವರು, ಬೀಟಲ್ ಕಾರಿನ ಎಂಜಿನ್ನು. ಮರುವರ್ಷ, 1950ರ ಮಾರ್ಚಿನಲ್ಲಿ, ಫೋಕ್ಸ್‌ವ್ಯಾಗನ್ ತನ್ನದೇ ವ್ಯಾನ್ ತಯಾರಿಸಲು ತೊಡಗಿತು. 1952ರ ಹೊತ್ತಿಗೆ ಟೆಂಪೋಗೆ ಎಂಜಿನ್ ಕೊಡುವುದನ್ನು ನಿಲ್ಲಿಸಿತು. ಅಂಗಡಿ ಎದುರು ಅಂಗಡಿ ಇಟ್ಟವನಿಗೆ ಸಕ್ಕರೆ ಸಾಲ ಕೊಡುವವರು ಯಾರು?

"ಹಾಗಾದ್ರೆ ನಿನ್ನ ಗೂಳಿ, ನನ್ನ ಮೆಟಡೋರು ದಾಯಾದಿಗಳು" ಅಂದ ಚಿಕ್ಕಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಜಮೀನು ಪಾಲಾಗೋವಾಗ ಎಂಜಿನ್ ನಿಮ್ಮ ಕಡೆ ಹೋಯ್ತು" ಅಂತ ಸೇರಿಸಿದ.

ಸ್ಟುಟ್‌ಗಾರ್ಟಿನ ಬಾಡಿಗೆ ಮನೆಯಲ್ಲಿ ಇರುವವನಿಗೆ ಗಾಡಿ ಬಿಚ್ಚಲು ಜಾಗ ಎಲ್ಲಿ? ರಸ್ತೆ ಬದಿಯಲ್ಲಿ ಆಯಿಲ್ ಬದಲಾಯಿಸುವಂತಿಲ್ಲ. ನೆಲದಡಿಯ ಪಾರ್ಕಿಂಗಿನಲ್ಲಿ ಒಂದು ಪಾನಾ ಬಿದ್ದ ಸದ್ದಾದರೂ ಕಾಗದ ಬರುತ್ತದೆ. ಕೊನೆಗೆ ರಾಯ್ಟ್ಲಿಂಗನ್ ಆಚೆಯ ಹಳ್ಳಿಯಲ್ಲಿ ಒಬ್ಬ ರೈತ ತನ್ನ ಹಳೇ ಹುಲ್ಲಿನ ಕೊಟ್ಟಿಗೆಯ ಅರ್ಧ ಬಾಡಿಗೆಗೆ ಕೊಟ್ಟ. ಉಳಿದರ್ಧದಲ್ಲಿ ಬೇರೆಯವರ ಕ್ಯಾರವಾನುಗಳು ಚಳಿಗಾಲದ ನಿದ್ದೆ ಮಾಡುತ್ತಿದ್ದವು. ಶನಿವಾರ ಮಾತ್ರ ಕೆಲಸ. ಭಾನುವಾರ ಗ್ರೈಂಡರ್ ಹಚ್ಚಿದರೆ ಈ ದೇಶದಲ್ಲಿ ಚರ್ಚಿನ ಗಂಟೆಗಿಂತ ಮೊದಲು ಪಕ್ಕದ ಮನೆಯವರು ಎದ್ದು ಬರುತ್ತಾರೆ. ಎರಡೂವರೆ ವರ್ಷ ಅಂದೆನಲ್ಲ, ಶನಿವಾರ ಲೆಕ್ಕ ಹಾಕಿ, ಅದರಲ್ಲಿ ಊರಿಗೆ ಹೋದದ್ದು, ಮಗಳಿಗೆ ಜ್ವರ ಬಂದದ್ದು, ಕೊಟ್ಟಿಗೆಯಲ್ಲಿ ಮೈನಸ್ ಎಂಟು ಡಿಗ್ರಿ ಇದ್ದದ್ದು ಕಳೆದರೆ ಎಪ್ಪತ್ತು ದಿನ ಆದೀತು.

ಮೊದಲು ಮಾಡಿದ ಕೆಲಸ ಪೆಟ್ರೋಲ್ ಪೈಪು. ಈ ಗಾಡಿಯ ಎಂಜಿನ್ನು ಹಿಂದಿದೆ, ಡಿಕ್ಕಿಯ ಹಲಗೆಯ ಕೆಳಗೆ. ಟ್ಯಾಂಕು ಮುಂದೆ, ಸೀಟಿನ ಅಡಿಯಲ್ಲಿ. ನಡುವಿನ ರಬ್ಬರ್ ಪೈಪುಗಳು ಮೂವತ್ತು ವರ್ಷಕ್ಕೆ ಒಣ ಹಪ್ಪಳವಾಗಿರುತ್ತವೆ. ಬಿಸಿ ಎಂಜಿನ್ನಿನ ಮೇಲೆ ಒಂದು ಹನಿ ಬಿದ್ದರೆ ಸಾಕು. ಹೆದ್ದಾರಿ ಬದಿಯಲ್ಲಿ ಸುಟ್ಟು ಕರಕಲಾದ ಹಳೇ ವ್ಯಾನುಗಳ ಫೋಟೋ ನೋಡಿದರೆ ಹೆಚ್ಚಿನದಕ್ಕೆ ಕಾರಣ ಇದೇ. ಯಾರಾದರೂ ಇಂಥ ಗಾಡಿ ಕೊಳ್ಳುವ ಯೋಚನೆಯಲ್ಲಿದ್ದರೆ ನನ್ನ ಉಳಿದ ಮಾತು ಮರೆತರೂ ಚಿಂತೆಯಿಲ್ಲ, ಪರದೆಗೆ ಬಟ್ಟೆ ಆರಿಸುವ ಮುನ್ನ ಪೆಟ್ರೋಲ್ ಪೈಪು ಬದಲಾಯಿಸಿ.

ಆಮೇಲೆ ಎಂಜಿನ್ನು. 1982ರ ಕೊನೆಯವರೆಗೆ ಈ ವ್ಯಾನುಗಳಿಗೆ ಗಾಳಿಯಲ್ಲೇ ತಣಿಯುವ ಎಂಜಿನ್ ಇತ್ತು. ಆಮೇಲೆ ಬಂದದ್ದು ನೀರಿನಲ್ಲಿ ತಣಿಯುವುದು. ನಮ್ಮದು 1.9 ಲೀಟರಿನ, 78 ಅಶ್ವಶಕ್ತಿಯ ಆ ಹೊಸ ಸಂತಾನ. ಎಂಜಿನ್ ಹಿಂದೆಯೇ ಉಳಿಯಿತು, ರೇಡಿಯೇಟರ್ ಮಾತ್ರ ಗಾಳಿ ಬೀಸುವ ಮೂತಿಗೆ ಬಂತು. ಗಾಡಿಯ ಹೊಟ್ಟೆಯಡಿ ಉದ್ದಕ್ಕೂ ಎರಡು ಕೊಳವೆ, ಒಂದರಲ್ಲಿ ಬಿಸಿ ನೀರು ಮುಂದಕ್ಕೆ, ಇನ್ನೊಂದರಲ್ಲಿ ತಣ್ಣಗಾದದ್ದು ಹಿಂದಕ್ಕೆ. ಒಟ್ಟು ಹದಿನೇಳು ಲೀಟರಿನಷ್ಟು ನೀರು.

ವಿಡಿಯೋ ಕಾಲಿನಲ್ಲಿ ತೋರಿಸಿದಾಗ ಚಿಕ್ಕಪ್ಪ ಹಣೆ ಚಚ್ಚಿಕೊಂಡ. "ಗಂಡಿನ ಮನೆ ಸೊರಬದಲ್ಲಿ, ಹೆಣ್ಣಿನ ಮನೆ ಹೊಸನಗರದಲ್ಲಿ, ದಿನಾ ದಿಬ್ಬಣ ಹೊರಡಿಸ್ತಾರಲ್ಲೋ ಮಾರಾಯ!"

ಈ ಎಂಜಿನ್ನಿಗೆ ಒಂದು ಹುಟ್ಟುರೋಗವಿದೆ. ಅದರ ಹೆಡ್ಡು, ಅಂದರೆ ಸಿಲಿಂಡರುಗಳ ಬಾಯಿ ಮುಚ್ಚುವ ಭಾಗ, ಅಲ್ಯುಮಿನಿಯಮ್ಮಿನದು, ಎಡಕ್ಕೊಂದು ಬಲಕ್ಕೊಂದು. ಸುತ್ತ ಹರಿಯುವ ನೀರನ್ನು ತಡೆಯಲು ಒಂದು ರಬ್ಬರ್ ಉಂಗುರ. ನೀರಿಗೆ ಬೆರೆಸುವ ಒಳ್ಳೆಯ ಕೂಲಂಟ್ ದ್ರವ ಹಾಕದೆ ವರ್ಷಗಟ್ಟಲೆ ಹಳೆಯದರಲ್ಲೇ ಓಡಿಸಿದರೆ, ಆ ಉಂಗುರ ಕೂರುವ ಅಂಚನ್ನು ನೀರೇ ತಿನ್ನುತ್ತದೆ. ಹುಳುಕು ಹಲ್ಲಿನ ಹಾಗೆ ಗುಳಿ ಬೀಳುತ್ತದೆ. ಎಡಗಡೆಯ ಹೆಡ್ಡಿನ ಕೆಳಗೆ ದಿನಕ್ಕೊಂದು ಹನಿ ಬೀಳುತ್ತಿತ್ತು. ಒಂದೇ ಹನಿ. ಆ ಒಂದು ಹನಿಗಾಗಿ ಎರಡೂ ಹೆಡ್ಡು ಬಿಚ್ಚಿ, ತಿರುಪು ಬಾರದ ನಟ್ಟುಗಳನ್ನು ಕಾಯಿಸಿ, ಒಂದು ಬೋಲ್ಟು ಮುರಿದು, ಮುರಿದದ್ದನ್ನು ಕೊರೆದು ತೆಗೆದು, ಹೊಸ ಹೆಡ್ಡುಗಳನ್ನೇ ಕೂರಿಸುವ ಹೊತ್ತಿಗೆ ಮೊದಲ ಚಳಿಗಾಲ ಕಳೆಯಿತು. ನೀರು ತುಂಬುವುದೂ ಒಂದು ವ್ರತ. ಅಷ್ಟುದ್ದದ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡರೆ ನೀರು ಓಡುವುದಿಲ್ಲ. ಮುಂಭಾಗವನ್ನು ಮೊಣಕಾಲೆತ್ತರಕ್ಕೆ ಜಾಕ್ ಕೊಟ್ಟು ಎತ್ತಿ, ಎಂಜಿನ್ ಚಾಲೂ ಇಟ್ಟು, ರೇಡಿಯೇಟರಿನ ನೆತ್ತಿಯ ತಿರುಪು ಸಡಿಲಿಸಿ ಗುಳುಗುಳು ಎಂದು ಗಾಳಿಯೆಲ್ಲ ಹೋಗಿ ಬರೀ ನೀರು ಚಿಮ್ಮುವವರೆಗೂ ಕಾಯಬೇಕು. ಮುಂಗಾಲೆತ್ತಿ ನಿಂತ ಗೂಳಿಯ ಆ ಫೋಟೋ ಸಾಗರದ ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಮುಖಚಿತ್ರವಾಗಿ ಮೂರು ತಿಂಗಳು ಇತ್ತು.

ಎಂಜಿನ್ ಕೆಲಸ ಇಷ್ಟೇ. ಹೇಳಲು ಚೆನ್ನಾಗಿರುತ್ತದೆ, ಮಾಡಲೂ ಪರವಾಗಿಲ್ಲ. ಪುಸ್ತಕವಿದೆ, ಬಿಡಿಭಾಗ ಸಿಗುತ್ತದೆ, ಬೋಲ್ಟಿಗೆ ಎಷ್ಟು ಬಿಗಿ ಅಂತ ಬರೆದಿಟ್ಟಿದ್ದಾರೆ. ತುಕ್ಕಿನ ವಿಷಯ ಹಾಗಲ್ಲ.

ಟಿ3ಯ ಮೈ ಹಲವು ತಗಡುಗಳನ್ನು ಅಂಚಿಗೆ ಅಂಚು ಸೇರಿಸಿ ಬೆಸೆದದ್ದು. ಆ ಗೆರೆಗಳು ಹೊರಗಿನಿಂದಲೇ ಕಾಣುತ್ತವೆ, ಅವನ್ನು ಇಲ್ಲಿನವರು 'ಹೊಲಿಗೆ' ಅಂತಲೇ ಕರೆಯುತ್ತಾರೆ. ಹೊಲಿಗೆಯ ಸಂದಿಗೆ ಒಂದು ಬಗೆಯ ಮೇಣ ತುಂಬಿರುತ್ತಾರೆ. ವರ್ಷಗಳು ಕಳೆದಂತೆ ಅದು ಬಿರಿಯುತ್ತದೆ, ಕೂದಲೆಳೆಯಷ್ಟು ಬಿರುಕಿನಲ್ಲಿ ನೀರು ಇಳಿಯುತ್ತದೆ. ಅದರ ಮೇಲೆ ಚಳಿಗಾಲದ ರಸ್ತೆಗೆ ಎರಚುವ ಉಪ್ಪು. ಹೊರಗೆ ನೋಡಿದರೆ ಅಕ್ಕಿಕಾಳಿನಷ್ಟು ಬಣ್ಣ ಉಬ್ಬಿರುತ್ತದೆ, ಅಷ್ಟೇ. ಸ್ಕ್ರೂಡ್ರೈವರಿನಿಂದ ಕೆದಕಿದರೆ ಅಕ್ಕಿಕಾಳು ಅಕ್ಕಿರೊಟ್ಟಿಯಾಗುತ್ತದೆ. ಮೊದಮೊದಲು ಎದೆ ಧಸಕ್ಕೆನ್ನುತ್ತಿತ್ತು. ಆಮೇಲೆ ಒಂದು ಕೆಟ್ಟ ಚಟವೇ ಹಿಡಿಯಿತು, ಗಾಯದ ಹಕ್ಕಳೆ ಕೀಳುವ ಮಕ್ಕಳ ಹಾಗೆ. ಕಿಟಕಿಯ ಸುತ್ತ, ಅಡುಗೆ ಕಪಾಟಿನ ಹಿಂದೆ, ಮುಂದಿನ ಸೀಟಿನಡಿಯ ಬ್ಯಾಟರಿ ಗೂಡಿನಲ್ಲಿ, ಚಕ್ರದ ಮೇಲಿನ ಕಮಾನಿನಲ್ಲಿ, ಹುಡುಕಿದಲ್ಲೆಲ್ಲ ಸಿಕ್ಕಿತು.

ವೆಲ್ಡಿಂಗು ನನಗೆ ಬರುತ್ತಿರಲಿಲ್ಲ. ವೃತ್ತಿಯಲ್ಲಿ ಸಾಫ್ಟ್‌ವೇರ್ ಬರೆಯುವವನು. ಸಂಜೆ ತರಗತಿಗೆ ಸೇರಿ ಕಲಿತೆ, ಆದರೆ ಕೈ ಕುದುರಿಸಿದವರು ನಮ್ಮ ಕಟ್ಟಡದ ಕೆಳಮನೆಯ ಅಜ್ಜ. ಜೀವಮಾನವೆಲ್ಲ ಕಾರುಗಳ ತಗಡು ತಟ್ಟಿದ ಮನುಷ್ಯ, ಎಂಬತ್ತರ ಆಸುಪಾಸು. ಅವರ ಶ್ವಾಬಿಶ್, ಅಂದರೆ ಈ ಸೀಮೆಯ ಆಡುಮಾತಿನ ಜರ್ಮನ್, ನನಗೆ ಅರ್ಧ ತಿಳಿಯುತ್ತದೆ, ನನ್ನ ಜರ್ಮನ್ ಅವರಿಗೆ ಮುಕ್ಕಾಲು. ಒಂದು ಮಿಲಿಮೀಟರಿಗಿಂತ ತೆಳುವಾದ ತಗಡಿಗೆ ಒಂದೇ ಸಮ ಬೆಸುಗೆ ಎಳೆದರೆ ತೂತು ಬೀಳುತ್ತದೆ. ಒಂದು ಚುಕ್ಕೆ ಹಾಕು, ಕೈ ತೆಗೆ, ಆರಲಿ, ದೂರದಲ್ಲಿ ಇನ್ನೊಂದು ಹಾಕು. ರಂಗೋಲಿಗೆ ಮೊದಲು ಚುಕ್ಕಿ ಇಟ್ಟ ಹಾಗೆ. ಮಗಳಿಗೆ ಹಾಗೇ ಹೇಳಿದೆ. ಅವಳು ಕೊಟ್ಟಿಗೆಯ ನೆಲದ ಮೇಲೆ ಸೀಮೆಸುಣ್ಣದಿಂದ ಹದಿನೈದು ಚುಕ್ಕಿ ರಂಗೋಲಿ ಬರೆದು, "ಇದರಲ್ಲಿ ತೂತೇ ಬೀಳಲ್ಲ" ಅಂದಳು.

ಟ್ಯೂಫ್‌ನವರ ನಿಯಮ ಗಟ್ಟಿ. ಗಾಡಿಯ ಭಾರ ಹೊರುವ ಜಾಗದಲ್ಲಿ ತುಕ್ಕು ತಿಂದಿದ್ದರೆ ಪೂರ್ತಿ ಕತ್ತರಿಸಿ, ಹೊಸ ತಗಡಿಟ್ಟು, ಸುತ್ತಲೂ ಬೆಸೆದಿರಬೇಕು. ಪುಟ್ಟಿ, ಫೈಬರ್, ಅಂಟು ಯಾವುದೂ ನಡೆಯದು. ತಪಾಸಣೆಗೆ ಬರುವವರ ಕೈಯಲ್ಲಿ ಒಂದು ಸಣ್ಣ ಸುತ್ತಿಗೆ ಇರುತ್ತದೆ, ಕುಟ್ಟಿ ಸದ್ದು ಕೇಳುತ್ತಾರೆ. ಹಲಸಿನ ಹಣ್ಣು ತಟ್ಟಿ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದನ್ನೆಲ್ಲ ಕೇಳಿದಾಗ ಚಿಕ್ಕಪ್ಪ ಮಾತ್ರ ನಗುತ್ತಿದ್ದ. ಅವನ ಮೆಟಡೋರಿನ ನೆಲದಲ್ಲಿ ಒಂದು ತೂತಿತ್ತು, ರಸ್ತೆ ಓಡುವುದು ಅದರಲ್ಲಿ ಕಾಣುತ್ತಿತ್ತು. ಎಣ್ಣೆ ಡಬ್ಬದ ತಗಡು ಕತ್ತರಿಸಿ ಮೇಲೆ ಮೊಳೆ ಹೊಡೆದಿದ್ದ. ಮಳೆಗಾಲಕ್ಕೆ ಮುಂಚೆ ಗಾಡಿಯ ಹೊಟ್ಟೆಗೆಲ್ಲ ಕರಿ ಆಯಿಲ್ ಬಳಿಯುತ್ತಿದ್ದ. ಫ್ಯಾನ್ ಬೆಲ್ಟ್ ಕಡಿದಾಗ ಯಾರದೋ ಸೀರೆಯ ಸೆರಗು ಹೊಸೆದು ಕಟ್ಟಿ ದಿಬ್ಬಣ ಮುಟ್ಟಿಸಿದ ಕತೆಯನ್ನು ಪ್ರತಿ ಮದುವೆಯಲ್ಲೂ ಹೇಳುತ್ತಾನೆ, ಪ್ರತಿ ಸಲ ಸೀರೆಯ ಬಣ್ಣ ಬೇರೆ. ಅವನ ಪ್ರಕಾರ ಗಾಡಿಯನ್ನು 'ಓಡಿಸಬೇಕು'. ನಾನು ಮಾಡುತ್ತಿದ್ದದ್ದು 'ಉಳಿಸುವ' ಕೆಲಸ. "ಉಳಿಸಿ ಏನ್ ಮಾಡ್ತೀಯ? ಪೂಜೆಗಿಡ್ತೀಯ?" ಅಂತ ಒಂದು ಸಲ ಕೇಳಿದ. ಸುಲಭವಾಗಿ ಉತ್ತರ ಹೊಳೆಯಲಿಲ್ಲ.

ಅವನ ಮೆಟಡೋರನ್ನು ಯಾರೂ ಉಳಿಸಲಿಲ್ಲ. 2003ರಲ್ಲೋ 2004ರಲ್ಲೋ ಗುಜರಿಯವನಿಗೆ ಹೋಯಿತು. ಆದರೂ ಸಾಗರದ ಮನೆಗೆ ಹೋದರೆ ಜಗಲಿಯಲ್ಲಿ ಕೂರಲು ಇರುವುದು ಅದರ ಹಿಂದಿನ ಸೀಟು. ಬಚ್ಚಲುಮನೆಯಲ್ಲಿ ಗಡ್ಡ ಹೆರೆಯಲು ಅದರ ಪಕ್ಕದ ಕನ್ನಡಿ. ಎಂಜಿನ್ನನ್ನು ಯಾರೋ ಕೊಂಡು ತಮ್ಮ ಗಾಡಿಗೆ ಹಾಕಿಕೊಂಡರು. ಮಾಡಿನ ಮೇಲಿನ ಕ್ಯಾರಿಯರು ಕೊಟ್ಟಿಗೆಯ ಗೇಟು. ಇದನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ, ಆದರೆ ಇಲ್ಲಿ ಮ್ಯೂಸಿಯಮ್ಮುಗಳಲ್ಲಿ ಹೊಳೆಯುತ್ತ ನಿಂತಿರುವ, ಒಂದು ಸಲವೂ ಚಾಲೂ ಆಗದ ಎಷ್ಟೋ ಗಾಡಿಗಳಿಗಿಂತ ಅದು ಹೆಚ್ಚು ಬದುಕಿದೆ ಅನ್ನಿಸುತ್ತದೆ.

ಜರ್ಮನಿಯಲ್ಲಿ 'ಉಳಿಸುವುದಕ್ಕೆ' ಒಂದು ಸರಕಾರಿ ಮುದ್ರೆಯೇ ಇದೆ. ಗಾಡಿಗೆ ಮೂವತ್ತು ವರ್ಷ ತುಂಬಿ, ಹೆಚ್ಚುಕಡಿಮೆ ಮೂಲ ರೂಪದಲ್ಲೇ, ಒಳ್ಳೆಯ ಸ್ಥಿತಿಯಲ್ಲಿದ್ದರೆ ನಂಬರ್ ಪ್ಲೇಟಿನ ಕೊನೆಗೆ 'ಎಚ್' ಅಕ್ಷರ ಸಿಗುತ್ತದೆ, ಐತಿಹಾಸಿಕ ಎಂದು. 1997ರಿಂದ ಈ ಪದ್ಧತಿ ಇದೆ. ವರ್ಷಕ್ಕೆ 191 ಯೂರೋ ಚಿಲ್ಲರೆ ತೆರಿಗೆ, ಎಂಜಿನ್ ಎಷ್ಟು ದೊಡ್ಡದಿದ್ದರೂ ಅಷ್ಟೇ. ಹೊಗೆ ಹೆಚ್ಚೆಂದು ಹಳೇ ಗಾಡಿಗಳನ್ನು ಒಳಗೆ ಬಿಡದ ಸ್ಟುಟ್‌ಗಾರ್ಟಿನಂಥ ಊರುಗಳ ನಡುಮಧ್ಯೆಯೂ ಹೋಗಬಹುದು. ನಮಗೆ ಅದು ಬೇಕೇ ಬೇಕಿತ್ತು, ಇಲ್ಲದಿದ್ದರೆ ಗೂಳಿ ನಮ್ಮ ಮನೆ ಬಾಗಿಲಿಗೂ ಬರುವಂತಿಲ್ಲ.

ಮೂಲ ರೂಪ ಅಂದರೇನು ಎನ್ನುವುದಕ್ಕೆ ನಿಯಮದಲ್ಲಿ ಒಂದು ತಮಾಷೆಯ ಸಾಲಿದೆ. ಗಾಡಿ ಹುಟ್ಟಿದ ಮೊದಲ ಹತ್ತು ವರ್ಷದಲ್ಲಿ ಮಾಡಿದ ಬದಲಾವಣೆ, ಅಥವಾ ಆ ಕಾಲದಲ್ಲಿ ಮಾಡಬಹುದಾಗಿದ್ದ ಬದಲಾವಣೆ ನಡೆಯುತ್ತದೆ. ನಮ್ಮ ಗಾಡಿಯ ಅಡುಗೆ ಕಪಾಟಿನ ಮೇಲೆ ಬಡಗಿ 1992ರಲ್ಲಿ ಬೀಚ್ ಮರದ ಒಂದು ಪಟ್ಟಿ ಹೊಡೆದಿದ್ದಾರೆ, ಲೋಟ ಉರುಳದಿರಲಿ ಅಂತ. ನೋಟುಪುಸ್ತಕದಲ್ಲಿ ತಾರೀಖು ಸಮೇತ ಇದೆ. ಹಾಗಾಗಿ ಅದು ಇತಿಹಾಸ. ಅದರ ಪಕ್ಕದಲ್ಲೇ ನಾನು ಒಗ್ಗರಣೆ ಡಬ್ಬಿಗೆಂದು ಹೊಡೆದ ಪಟ್ಟಿ ಬರೀ ಪಟ್ಟಿ. ಎರಡಕ್ಕೂ ಒಂದೇ ಮರ, ಒಂದೇ ಅಳತೆಯ ಸ್ಕ್ರೂ. ತಪಾಸಣೆಯ ದಿನ ನನ್ನದನ್ನು ಬಿಚ್ಚಿಟ್ಟಿದ್ದೆ. ಬೇಕಿತ್ತೋ ಇಲ್ಲವೋ, ಹೆದರಿಕೆ.

ಎರಡನೇ ಬೇಸಿಗೆಯಲ್ಲಿ ಬಲಗಡೆಯ ಸಿಲ್ಲಿಗೆ ಕೈ ಹಾಕಿದೆ. ಬಾಗಿಲುಗಳ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಉದ್ದಕ್ಕೂ ಹೋಗುವ ಟೊಳ್ಳು ಪೆಟ್ಟಿಗೆಯಂಥ ಭಾಗ ಅದು. ಜರ್ಮನ್ನಿನಲ್ಲಿ ಅದಕ್ಕಿರುವ ಹೆಸರು ಹೊಸ್ತಿಲಿಗಿರುವ ಪದದಿಂದಲೇ ಬಂದದ್ದು, ನಾನೂ ಹೊಸ್ತಿಲು ಅಂತಲೇ ಕರೆಯುತ್ತೇನೆ. ಬಲಗಡೆ ಎಳೆಯುವ ಬಾಗಿಲಿದೆ, ಹತ್ತಿ ಇಳಿಯುವವರ ಕೊಳೆ ನೀರೆಲ್ಲ ಅಲ್ಲೇ. ಹೊರಗಿನಿಂದ ನುಣ್ಣಗಿತ್ತು. ಇಡೀ ಗಾಡಿಯಲ್ಲಿ ಅಷ್ಟು ನುಣ್ಣಗಿನ ಜಾಗ ಇನ್ನೊಂದಿರಲಿಲ್ಲ, ಆಗಲೇ ಅನುಮಾನ ಬರಬೇಕಿತ್ತು. ಎರಡು ವರ್ಷ ಡಬ್ಬಿಯಲ್ಲಿ ಕೂತಿದ್ದ ಅಯಸ್ಕಾಂತ ತಂದು ಇಟ್ಟೆ. ಜಾರಿ ಬಿತ್ತು. ಒಂದು ಮೊಳ ಆಚೆ ಇಟ್ಟೆ. ಅಲ್ಲೂ ಬಿತ್ತು.

ಗ್ರೈಂಡರ್ ಇಟ್ಟು ಕತ್ತರಿಸಿದರೆ ಬೆಂಕಿಯ ಕಿಡಿ ಬರಬೇಕು. ಬಿಳಿ ಪುಡಿ ಹಾರಿತು. ಪುಟ್ಟಿ. ಅದರ ಕೆಳಗೆ ಫೈಬರ್ ಬಟ್ಟೆ. ಅದರ ಹಿಂದೆ, ಹೊಸ್ತಿಲಿನ ಟೊಳ್ಳಿನ ತುಂಬ, ಕಟ್ಟಡದವರು ಕಿಟಕಿ ಸಂದಿಗೆ ಹೊಡೆಯುತ್ತಾರಲ್ಲ, ಆ ಹಳದಿ ಫೋಮು. ಸ್ಪಂಜಿನಂತೆ ನೀರು ಕುಡಿದು ಕೂತಿತ್ತು. ಒಳಗಿನಿಂದ ತಗಡನ್ನು ನಿಧಾನವಾಗಿ ತಿಂದು ಮುಗಿಸಿತ್ತು. ಕೈ ಹಾಕಿ ಎಳೆದರೆ ತುಕ್ಕಿನ ಚಕ್ಕೆ, ಒದ್ದೆ ಫೋಮು, ಒಂದು ಸತ್ತ ಜೇಡ, ಎಲ್ಲ ಒಟ್ಟಿಗೆ ಬಂತು. ಕೊಟ್ಟಿಗೆಯ ನೆಲದ ಮೇಲೆ ಅದನ್ನು ಹರಡಿ ಕೂತೆ. ಅಳು ಬರಲಿಲ್ಲ. ಹಸಿವಾಯಿತು. ಡಬ್ಬಿಯಲ್ಲಿದ್ದ ಚಿತ್ರಾನ್ನ ಪೂರ್ತಿ ತಿಂದೆ.

ನೋಟುಪುಸ್ತಕ ತೆಗೆದು ಹುಡುಕಿದೆ. ಬಲ್ಬು ಬದಲಾಯಿಸಿದ್ದನ್ನೂ ಬರೆದಿಟ್ಟ ಮನುಷ್ಯ ಇದನ್ನು ಬರೆದಿರಬೇಕಲ್ಲ. ಇಲ್ಲ. ಎಲ್ಲೂ ಇಲ್ಲ. ಹಾಗಾದರೆ 1991ಕ್ಕೆ ಮೊದಲಿನ ಮಾಲೀಕನ ಕೆಲಸವೇ? ಏಳು ವರ್ಷದ ಗಾಡಿ ಅಷ್ಟು ಕೊಳೆತಿತ್ತೇ? ಅಥವಾ ಬಡಗಿಯೇ ಮಾಡಿ, ಬರೆಯಲು ನಾಚಿ, ಬಿಟ್ಟರೇ? ಕಪಾಟಿಗೆ ಪಟ್ಟಿ ಹೊಡೆದ ಕೈಗೂ ಈ ಕೈಗೂ ಎಲ್ಲಿಯ ಸಂಬಂಧ? ಫೋನು ಮಾಡಿ ಕೇಳಬಹುದಿತ್ತು. ಎರಡು ಸಲ ನಂಬರು ಒತ್ತಿ ಕೆಳಗಿಟ್ಟೆ. ಕೇಕು ಅಡ್ಡ ಬಂತು.

ಚಿಕ್ಕಪ್ಪನಿಗೆ ವಿಡಿಯೋದಲ್ಲಿ ತೋರಿಸಿದೆ. (ಸಾಗರದ ಅಡಿಕೆ ತೋಟದ ಮಧ್ಯೆ ನಿಂತವನ ಮುಖ ಸ್ಪಷ್ಟ ಕಾಣುತ್ತಿತ್ತು. ಜರ್ಮನಿಯ ಹಳ್ಳಿಯಲ್ಲಿ ನಿಂತ ನಾನೇ ಕಡಿದು ಕಡಿದು ಹೋಗುತ್ತಿದ್ದೆ. ಇಲ್ಲಿ ಬಂದು ನೋಡಿದವರಿಗೆ ಮಾತ್ರ ಇದರ ನಿಜ ಗೊತ್ತು.) ಆತ ಫೋಮನ್ನು ಹತ್ತಿರ ಹಿಡಿಸಿ ನೋಡಿದ. ನಕ್ಕ. ನಗುತ್ತ ನಗುತ್ತ ಕೆಮ್ಮು ಬಂತು.

"ಲೇ, ಇದು ನಮ್ಮೂರ ಕೆಲಸ ಕಣೋ! ಅಲ್ಲೂ ಇದ್ದಾರಾ ನಮ್ಮವರು?"

ಆ ನಗುವಿನಲ್ಲಿ ಏನೋ ಹಗುರಾಯಿತು. ಅಲ್ಲಿಯವರೆಗೆ ನನ್ನ ತಲೆಯಲ್ಲಿ ಒಂದು ಗಡಿಗೆರೆ ಇತ್ತು: ಅಲ್ಲಿ ಎಣ್ಣೆ ಡಬ್ಬದ ತಗಡು, ಇಲ್ಲಿ ಸುತ್ತಿಗೆಯ ತಪಾಸಣೆ. ಈಗ ನೋಡಿದರೆ ಯಾವನೋ ಒಬ್ಬ ಜರ್ಮನ್, ಬಹುಶಃ ರಜೆಗೆ ಇಟಲಿಗೆ ಹೊರಡುವ ಹಿಂದಿನ ವಾರ, ತಪಾಸಣೆಯ ತಾರೀಖು ಹತ್ತಿರ ಬಂದು, ಕೈಯಲ್ಲಿ ಕಾಸಿಲ್ಲದೆ, ಕಿಟಕಿಯ ಫೋಮು ತುಂಬಿ, ಮೇಲೆ ನುಣ್ಣಗೆ ಬಣ್ಣ ಬಳಿದು, ಉಸಿರು ಬಿಗಿಹಿಡಿದು ನಿಂತಿದ್ದಾನೆ. ಗಾಡಿ ಪಾಸಾಗಿದೆ. ಇಟಲಿಗೆ ಹೋಗಿದೆ. ಮಕ್ಕಳು ಮೇಲಿನ ಅಟ್ಟದಲ್ಲಿ ಮಲಗಿದ್ದಾರೆ. ಅವನು ಓಡಿಸಿದ. ಅವನು ಹಾಗೆ ಓಡಿಸದೆ ಅಂದೇ ಗುಜರಿಗೆ ಹಾಕಿದ್ದರೆ ಉಳಿಸಲು ನನಗೆ ಏನು ಸಿಗುತ್ತಿತ್ತು? ಹೀಗಂದುಕೊಂಡರೂ ಅವನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ. ಮೂಗಿನಲ್ಲಿ ಆ ಒದ್ದೆ ಫೋಮಿನ ವಾಸನೆ ವಾರಗಟ್ಟಲೆ ಇತ್ತು.

ಬಲ ಹೊಸ್ತಿಲಿಗೆ ಹದಿಮೂರು ಶನಿವಾರ ಹಿಡಿಯಿತು. ಒಳಗಿನ ತಗಡು, ಹೊರಗಿನ ತಗಡು, ಜಾಕ್ ಕೂರುವ ಜಾಗ ಎಲ್ಲ ಹೊಸತು. ಒಂದು ಸಲ ಬೆಸುಗೆಯ ಕಿಡಿ ಒಳಗೆ ಬಿದ್ದು ಹಳೇ ಮೇಣಕ್ಕೆ ಬೆಂಕಿ ಹತ್ತಿತು. ಅಜ್ಜ ಬಕೆಟ್ ನೀರು ಇಟ್ಟುಕೊಂಡೇ ಕೂತಿದ್ದರು, ಎದ್ದು ಸುರಿದು ಮತ್ತೆ ಕೂತರು, ಒಂದು ಮಾತೂ ಆಡಲಿಲ್ಲ. ಕೆಲಸ ಮುಗಿದ ಮೇಲೆ ಟೊಳ್ಳಿನೊಳಗೆ ಕಾಯಿಸಿದ ಗ್ರೀಸನ್ನು ಪಿಚಕಾರಿಯಂಥದ್ದರಲ್ಲಿ ಸಿಂಪಡಿಸಬೇಕು. ಅದು ದ್ರವವಾಗಿ ಹೊಲಿಗೆಯ ಸಂದುಗಳಿಗೆಲ್ಲ ಇಳಿದು, ತಣಿದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಇಲ್ಲಿ ಅದಕ್ಕೆ ದುಬಾರಿ ಡಬ್ಬಿ, ದೊಡ್ಡ ಹೆಸರು. ಚಿಕ್ಕಪ್ಪನಿಗೆ ವಿವರಿಸಿದೆ. "ಕರಿ ಆಯಿಲ್" ಅಂದ. ಅಷ್ಟೇ.

2024ರ ಮೇ ತಿಂಗಳಲ್ಲಿ ತಪಾಸಣೆಗೆ ಒಯ್ದೆವು. ಗ್ಯಾಸಿನ ಪೈಪು, ರೆಗ್ಯುಲೇಟರ್ ಹತ್ತು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಅದನ್ನು ಮೊದಲೇ ಮಾಡಿಸಿದ್ದೆ. ಬ್ರೇಕು, ದೀಪ, ಹೊಗೆ ಎಲ್ಲ ಆದ ಮೇಲೆ ಆ ಮನುಷ್ಯ ಸುತ್ತಿಗೆ ಹಿಡಿದು ಕೆಳಗೆ ಹೋದರು. ಬಲ ಹೊಸ್ತಿಲು: ಟಣ್, ಟಣ್, ಟಣ್. ತಲೆಯಾಡಿಸಿದರು. ಎಡ ಹೊಸ್ತಿಲು: ಟಣ್, ಟಣ್, ಮಧ್ಯದಲ್ಲೊಂದು ಕಡೆ ಅಷ್ಟೇನೂ ಟಣ್ ಅಲ್ಲದ ಸದ್ದು, ಮತ್ತೆ ಟಣ್. ಅವರು ಅಲ್ಲಿ ಇನ್ನೊಮ್ಮೆ ಬಡಿದರು. ಬೆರಳಿಂದ ಒತ್ತಿದರು. ಮುಂದೆ ಹೋದರು. ನಾನು ಉಸಿರು ಬಿಟ್ಟೆ. ಹಾಗೆ ಬಿಡುವಾಗ ಫೋಮು ತುಂಬಿ ಇಟಲಿಗೆ ಹೋದ ಆ ಅಪ್ಪ ನೆನಪಾದ.

ಎಚ್ ಪ್ಲೇಟು ಸಿಕ್ಕಿತು. ಒಗ್ಗರಣೆ ಡಬ್ಬಿಯ ಪಟ್ಟಿ ಮರಳಿ ಜಾಗಕ್ಕೆ ಬಂತು. ಆ ಬೇಸಿಗೆಯಲ್ಲಿ ಬೋಡನ್ ಸರೋವರದ ದಂಡೆಗೆ ಹೋಗಿ ಮೂರು ರಾತ್ರಿ ಇದ್ದೆವು. ಗಂಟೆಗೆ 90ರಲ್ಲಿ ಗೂಳಿಗೆ ನೆಮ್ಮದಿ, ಏರಿನಲ್ಲಿ 60. ಹಿಂದೆ ಲಾರಿಯವರು ಕಾಯುತ್ತಾರೆ, ಹಾರ್ನ್ ಹೊಡೆಯುವುದಿಲ್ಲ, ಕೆಲವರು ಕೈ ಬೀಸುತ್ತಾರೆ. ಎರಡನೇ ರಾತ್ರಿ ಮಳೆ ಬಂದು ಮಾಡಿನ ಬಟ್ಟೆಯ ಹೊಲಿಗೆಯಿಂದ ಹನಿ ಬಿತ್ತು. ಮಗಳು ತನ್ನ ಹಾಲಿನ ಲೋಟ ಅಡಿಯಲ್ಲಿಟ್ಟು ಮಲಗಿದಳು. ಹೆಂಡತಿ ಬೆಳಗ್ಗೆ ಒಂದೂವರೆ ಚದರಡಿಯ ಅಡುಗೆಮನೆಯಲ್ಲಿ ಉಪ್ಪಿಟ್ಟು ಮಾಡಿ ಪಕ್ಕದ ಟೆಂಟಿನವರಿಗೂ ಕೊಟ್ಟಳು. ಒಟ್ಟು ಎಷ್ಟು ಖರ್ಚಾಯಿತು ಅಂತ ಅವಳು ಈವರೆಗೆ ಕೇಳಿಲ್ಲ, ಲೆಕ್ಕದ ಫೈಲಿಗೆ ನಾನು ಪಾಸ್‌ವರ್ಡ್ ಹಾಕಿಟ್ಟಿದ್ದೇನೆ.

ಬಡಗಿಯ ನೋಟುಪುಸ್ತಕದಲ್ಲಿ ಇನ್ನೂ ಮೂವತ್ತು ಹಾಳೆ ಖಾಲಿ ಇದ್ದವು. ಅದರಲ್ಲೇ ಮುಂದುವರಿಸಿದ್ದೇನೆ. ಬಲ ಹೊಸ್ತಿಲಿನ ಕೆಲಸ ಬರೆಯುವಾಗ ಫೋಮಿನ ವಿಷಯ ಬರೆಯಬೇಕೋ ಬೇಡವೋ ಅಂತ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಬರೆದೆ, ಕನ್ನಡದಲ್ಲಿ.

ಎಡಗಡೆಯ ಹೊಸ್ತಿಲು ಹಾಗೇ ಇದೆ. "ಓಡ್ತಾ ಇದ್ಯಲ್ಲ, ಯಾಕೆ ಬಿಚ್ತೀಯ?" ಅನ್ನುತ್ತಾನೆ ಚಿಕ್ಕಪ್ಪ. ಕೆಳಮನೆಯ ಅಜ್ಜ ಏನೂ ಅನ್ನುವುದಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ ಬೆರಳ ಗೆಣ್ಣಿನಿಂದ ಗೋಡೆಯನ್ನು ಎರಡು ಸಲ ಬಡಿದು ನನ್ನ ಮುಖ ನೋಡಿ ಮೇಲೆ ಹೋಗುತ್ತಾರೆ. ಅಯಸ್ಕಾಂತ ನನ್ನ ಜಾಕೆಟ್ಟಿನ ಜೇಬಿನಲ್ಲಿದೆ. ಇನ್ನೂ ಇಟ್ಟು ನೋಡಿಲ್ಲ. ಮುಂದಿನ ತಪಾಸಣೆ 2026ರ ಮೇ ತಿಂಗಳಲ್ಲಿ.